ಸತ್ನಾಮ್ ಸಿಂಗ್‌ನ ಪಕ್ಕ ಯಾರಿದ್ದರು?

ನನ್ನ ಮಗನಿಗೆ ಈಗ ಹದಿನಾಲ್ಕು. ಎತ್ತರ ಆರಡಿ ಒಂದಿಂಚು. ಕಳೆದ ಭಾನುವಾರ ಮುಂಬೈನ ಮಾಟುಂಗದಲ್ಲಿ ಊರಿನವರದೊಂದು ಮದುವೆ ಇತ್ತು. ಊಟದ ಪಂಕ್ತಿಯಲ್ಲಿ ಎದುರು ಕೂತ ಹಿರಿಯರೊಬ್ಬರು ಅವನನ್ನು ಮೇಲಿಂದ ಕೆಳಗೆ ನೋಡಿ, "ಇವನನ್ನು ಬಾಸ್ಕೆಟ್‌ಬಾಲಿಗೆ ಹಾಕಿ ಮಾರಾಯ್ರೆ, ಸೀದಾ ಅಮೆರಿಕಾಕ್ಕೆ ಹೋಗ್ತಾನೆ" ಅಂದರು. ಪ್ರೀತಿಯಿಂದಲೇ ಅಂದಿದ್ದು. ಮಗನ ಮುಖ ಅರಳಿತು. ನನ್ನ ಪಕ್ಕ ಕೂತಿದ್ದ ತಮ್ಮ ಮಾತ್ರ ಎಲೆಯಿಂದ ತಲೆ ಎತ್ತಲಿಲ್ಲ.

ಹದಿನಾಲ್ಕು ಅಂದರೆ ನನಗೆ ಸತ್ನಾಮ್ ಸಿಂಗ್ ಭಮಾರಾ ನೆನಪಾಗುತ್ತಾನೆ. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ರೈತನ ಮಗ. ಲೂಧಿಯಾನಾದ ಅಕಾಡೆಮಿಯಲ್ಲಿ ಬಾಸ್ಕೆಟ್‌ಬಾಲ್ ಕಲಿತವನು. 2010ರಲ್ಲಿ ಸ್ಕಾಲರ್‌ಶಿಪ್ ಸಿಕ್ಕಿ ಫ್ಲಾರಿಡಾಕ್ಕೆ ಹೊರಟಾಗ ಅವನಿಗೂ ಹದಿನಾಲ್ಕೇ. ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ನನ್ನ ಮಗ ಇವತ್ತಿಗೂ ಜ್ವರ ಬಂದರೆ ನನ್ನ ಮಂಚಕ್ಕೆ ಬಂದು ಮಲಗುತ್ತಾನೆ. ಆ ಹುಡುಗನಿಗೆ ಜ್ವರ ಬಂದಾಗ ಯಾರಿಗೆ ಹೇಳಿಕೊಂಡನೋ ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

2015ರ ಜೂನ್ 26ರ ಬೆಳಿಗ್ಗೆ ತಮ್ಮ ಫೋನ್ ಮಾಡಿ ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. "ಅಕ್ಕಾ, ಸತ್ನಾಮ್‌ನ ತಗೊಂಡ್ರು! ಡಲ್ಲಾಸ್‌ನವರು!" ಎನ್‌ಬಿಎ ಅಂದರೆ ಅಮೆರಿಕಾದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್. ಅದರ ತಂಡಗಳು ವರ್ಷಕ್ಕೊಮ್ಮೆ ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಆ ಸಲ ಡಲ್ಲಾಸ್ ಮಾವೆರಿಕ್ಸ್ ತಂಡ ಅವನನ್ನು 52ನೇ ಆಯ್ಕೆಯಾಗಿ ಆರಿಸಿತ್ತು. ಭಾರತದಲ್ಲಿ ಹುಟ್ಟಿದವನೊಬ್ಬ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾಗಿದ್ದು ಅದೇ ಮೊದಲು. ಪೇಪರು, ಟಿವಿ, ಎಲ್ಲ ಕಡೆ ಅವನ ಏಳಡಿ ಎರಡಿಂಚಿನದೇ ಮಾತು.

ಆಮೇಲಿನ ಕಥೆ ಯಾರೂ ಜಾಸ್ತಿ ಬರೆಯಲಿಲ್ಲ. ಅವನ ಹಾಗೆ ಡ್ರಾಫ್ಟಿನ ಎರಡನೇ ಸುತ್ತಿನಲ್ಲಿ ಆಯ್ಕೆಯಾದವರಿಗೆ ಎನ್‌ಬಿಎ ಒಪ್ಪಂದ ಸಿಕ್ಕೇ ಸಿಗುತ್ತದೆ ಅಂತಿಲ್ಲ. ಸತ್ನಾಮ್‌ನನ್ನು ಕೆಳಗಿನ ಹಂತದ ಡಿ-ಲೀಗ್‌ಗೆ, ಟೆಕ್ಸಾಸ್ ಲೆಜೆಂಡ್ಸ್ ತಂಡಕ್ಕೆ ಕಳಿಸಿದರು. ಆ ವರ್ಷ ಎನ್‌ಬಿಎಗೆ ಸೇರಿದ ಹೊಸಬನ ಕನಿಷ್ಠ ಸಂಬಳ ಸುಮಾರು 5 ಲಕ್ಷ 25 ಸಾವಿರ ಡಾಲರ್. ಡಿ-ಲೀಗ್‌ನಲ್ಲಿ ಸಿಗುತ್ತಿದ್ದದ್ದು 13 ಸಾವಿರದಿಂದ 25 ಸಾವಿರ ಡಾಲರ್. ಎರಡು ಸೀಸನ್ ಅಲ್ಲಿದ್ದ, ಬೆಂಚಿನ ಮೇಲೆಯೇ ಜಾಸ್ತಿ ಕೂತ. ಎನ್‌ಬಿಎ ಲೀಗ್‌ನ ಒಂದೇ ಒಂದು ಪಂದ್ಯ ಆಡದೆ 2017ರಲ್ಲಿ ಊರಿಗೆ ಬಂದ.

ಇಲ್ಲಿಯಾದರೂ ಏನಿತ್ತು? ಯುಬಿಎ ಎಂಬ ಲೀಗ್ 2015ರಲ್ಲಿ ಶುರುವಾಗಿ ಎರಡು ಮೂರು ವರ್ಷದಲ್ಲೇ ನಿಂತುಹೋಯಿತು. ಅದರಲ್ಲಿ ಆಡಿದ. ಆಮೇಲೆ ಕೆನಡಾದ ಸೇಂಟ್ ಜಾನ್ಸ್ ಎಂಬ ಊರಿನ ತಂಡಕ್ಕೆ ಹೋದ. ನಮ್ಮ ಬಾಸ್ಕೆಟ್‌ಬಾಲ್ ಫೆಡರೇಷನ್ನಿನ ವಿಷಯ ಹೇಳುವುದಾದರೆ, ಸತ್ನಾಮ್ ಡ್ರಾಫ್ಟ್‌ಗೆ ಬೆವರು ಸುರಿಸುತ್ತಿದ್ದ ಅದೇ 2015ರಲ್ಲಿ ಅದು ಎರಡು ಹೋಳಾಗಿತ್ತು. ಒಂದು ಗುಂಪು ಬೆಂಗಳೂರಿನಲ್ಲಿ ಚುನಾವಣೆ ನಡೆಸಿತು, ಇನ್ನೊಂದು ಗುಂಪು ಪುಣೆಯಲ್ಲಿ. ಒಂದು ಆಟಕ್ಕೆ ಇಬ್ಬರು ಅಧ್ಯಕ್ಷರು. ಯೋಚಿಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಷ್ಟು ಸಂಕಟ ಯಾಕೆ ಅಂದರೆ, ನಮ್ಮ ಮನೆಯಲ್ಲೂ ಒಬ್ಬ ಆಟಗಾರ ಇದ್ದ.

ಅಪ್ಪ ಕುಂದಾಪುರದ ಕಡೆಯವರು. ಮಾಟುಂಗದ ಒಂದು ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ವಡಾಲಾದ ಚಾಳಿನ ಒಂದೇ ಖೋಲಿಯಲ್ಲಿ ನಾವು ಬೆಳೆದದ್ದು. ತಮ್ಮ ಆರಡಿ ಐದಿಂಚು. ರಾತ್ರಿ ಮಲಗಿದರೆ ಅವನ ಪಾದ ಅಡುಗೆಕಟ್ಟೆಯ ಕೆಳಗೆ ಹೋಗುತ್ತಿತ್ತು. ಅಮ್ಮ ಬೆಳಿಗ್ಗೆ ಎದ್ದು ಮೊದಲು ಅವನ ಕಾಲನ್ನು ಮೆಲ್ಲಗೆ ಸರಿಸಿ, ಆಮೇಲೆ ಸ್ಟೌ ಹಚ್ಚುವುದು. ಅವನ ಅಳತೆಯ ಶೂ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ನಾಗಪಾಡಾದ ಹುಡುಗರೇ ಎಲ್ಲಿಂದಲೋ ಹುಡುಕಿ ತಂದುಕೊಡುತ್ತಿದ್ದರು. ನಾಗಪಾಡಾದಲ್ಲಿ ಬಾಸ್ಕೆಟ್‌ಬಾಲ್ ಅಂದರೆ ಬರೀ ಆಟ ಅಲ್ಲ, ಎಷ್ಟೋ ಮನೆಗಳಿಗೆ ಅನ್ನ. ಚೆನ್ನಾಗಿ ಆಡಿದರೆ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಕೆಲಸ. ಅಪ್ಪನಿಗೂ ಅದೇ ಆಸೆ. ವಿಜಯಾ ಬ್ಯಾಂಕಿನ ತಂಡದ ಸುದ್ದಿ ಪೇಪರಿನಲ್ಲಿ ಬಂದರೆ ಗಲ್ಲಾದ ಹತ್ತಿರ ಬಂದ ಗಿರಾಕಿಗಳಿಗೂ ಓದಿ ಹೇಳುತ್ತಿದ್ದರು.

ತಮ್ಮನಿಗೆ ಒಂದು ಆಫೀಸಿನ ತಂಡದಲ್ಲಿ ಜಾಗ ಸಿಕ್ಕಿತು. ಕಾಂಟ್ರಾಕ್ಟ್ ಮೇಲೆ, ತಿಂಗಳಿಗೆ ಇಷ್ಟು ಅಂತ. ಮುಂದಿನ ವರ್ಷ ಪರ್ಮನೆಂಟ್ ಮಾಡ್ತೇವೆ ಅಂತ ಪ್ರತಿ ವರ್ಷ ಹೇಳಿದರು. 2018ರಲ್ಲಿ ಪಂದ್ಯ ಆಡುವಾಗಲೇ ಅವನ ಮೊಣಕಾಲಿನ ಲಿಗಮೆಂಟ್ ಹರಿಯಿತು. ಆಪರೇಷನ್ ಖರ್ಚು ನಾವೇ ಹಾಕಿದೆವು. ಮಾರ್ಚ್‌ನಲ್ಲಿ ಕಾಂಟ್ರಾಕ್ಟ್ ಮುಗಿಯಿತು, ಮತ್ತೆ ಮಾಡಲಿಲ್ಲ. ಒಂದು ಫೋನ್ ಕೂಡ ಬರಲಿಲ್ಲ. ಆಫೀಸಿನವರು ಕೊಟ್ಟ ಜೆರ್ಸಿಯನ್ನು ಅಮ್ಮ ಒಗೆದು, ಮಡಿಸಿ, ಕಪಾಟಿನಲ್ಲಿ ಇಟ್ಟಳು.

ಅವನು ಬಿಡಲಿಲ್ಲ. ವಾಪಸ್ ಆಡಿಯೇ ಆಡ್ತೇನೆ ಅಂತ ಜಿಮ್ಮಿಗೆ ಹೋಗಲು ಶುರುಮಾಡಿದ. ಅಲ್ಲಿಯ ಟ್ರೈನರ್ ಒಂದು ಪೌಡರ್ ಡಬ್ಬಿ ಕೊಟ್ಟ. ದೊಡ್ಡ ಕಪ್ಪು ಡಬ್ಬಿ. ದಿನಾ ಬೆಳಿಗ್ಗೆ ಎರಡು ಚಮಚ ಹಾಕಿ ಕುಡಿಯುತ್ತಿದ್ದ.

2019ರ ಅಕ್ಟೋಬರ್‌ನಲ್ಲಿ ಎನ್‌ಬಿಎ ನಮ್ಮ ಮುಂಬೈಗೇ ಬಂತು. 4 ಮತ್ತು 5ರಂದು ವರ್ಲಿಯ ಡೋಮ್‌ನಲ್ಲಿ ಇಂಡಿಯಾನಾ ಪೇಸರ್ಸ್ ಮತ್ತು ಸ್ಯಾಕ್ರಮೆಂಟೊ ಕಿಂಗ್ಸ್ ತಂಡಗಳ ಎರಡು ಪಂದ್ಯ. ಮೊದಲ ದಿನ ಸ್ಟೇಡಿಯಂ ತುಂಬ ಶಾಲಾಮಕ್ಕಳು. ಬಾಸ್ಕೆಟ್‌ಬಾಲ್‌ಗೆ ಇನ್ನು ಒಳ್ಳೆ ಕಾಲ ಬಂತು ಅಂತ ತಮ್ಮ ಕುಣಿದಾಡಿದ್ದ.

ಸರಿಯಾಗಿ ಒಂದೂವರೆ ತಿಂಗಳಿಗೆ, ನವೆಂಬರ್ 19ರಂದು, ಸತ್ನಾಮ್ ಅಮಾನತಾದ. ದಕ್ಷಿಣ ಏಷ್ಯಾ ಕ್ರೀಡಾಕೂಟಕ್ಕೆ ಬೆಂಗಳೂರಿನಲ್ಲಿ ನಡೆಯುತ್ತಿದ್ದ ಶಿಬಿರದಲ್ಲಿ ಉದ್ದೀಪನ ಮದ್ದು ತಡೆಯುವ ರಾಷ್ಟ್ರೀಯ ಸಂಸ್ಥೆ ನಾಡಾದವರು ಪರೀಕ್ಷೆ ಮಾಡಿದ್ದರು. ಹೈಜೆನಮೈನ್ ಎಂಬ ನಿಷೇಧಿತ ವಸ್ತು ಸಿಕ್ಕಿತು.

ಸುದ್ದಿ ಹೊರಬಂದದ್ದು ಡಿಸೆಂಬರ್‌ನಲ್ಲಿ. ಆ ರಾತ್ರಿ ನಾನು ಮಗುವನ್ನು ಕರೆದುಕೊಂಡು ಅಮ್ಮನ ಮನೆಯಲ್ಲಿದ್ದೆ. ಮಧ್ಯರಾತ್ರಿ ಎಚ್ಚರವಾಯಿತು. ತಮ್ಮ ಅಡುಗೆಕಟ್ಟೆಗೆ ಒರಗಿ ನೆಲದ ಮೇಲೆ ಕೂತಿದ್ದ. ಮೊಣಕಾಲುಗಳ ಮಧ್ಯೆ ಆ ಕಪ್ಪು ಡಬ್ಬಿ. ಮೊಬೈಲಿನ ಟಾರ್ಚ್ ಹಿಡಿದು ಹಿಂಬದಿಯ ಸಣ್ಣ ಅಕ್ಷರ ಓದುತ್ತಿದ್ದ. ಒಂದೊಂದು ಹೆಸರಿನ ಕೆಳಗೂ ಬೆರಳಿಟ್ಟು ಓದುತ್ತಿದ್ದ, ಒಂದನೇ ಕ್ಲಾಸಿನ ಮಗುವಿನ ಹಾಗೆ. "ಅಕ್ಕಾ, ಇದರಲ್ಲಿ ಏನಿದೆ ಅಂತ ನಂಗೂ ಗೊತ್ತಿಲ್ಲ" ಅಂದ.

ಆಮೇಲೆ ನಾನೂ ಕೂತು ಓದಿದೆ. ಹೈಜೆನಮೈನ್ ಗಿಡಮೂಲಿಕೆಗಳಿಂದ ಬರುವಂಥದ್ದು. ತಾವರೆಯಲ್ಲೂ ಇದೆಯಂತೆ. ಡಬ್ಬಿಯ ಮೇಲೆ ಕೆಲವೊಮ್ಮೆ ಬರೀ ಗಿಡದ ಹೆಸರು ಇರುತ್ತದೆ, ಕೆಲವೊಮ್ಮೆ ನಾರ್‌ಕೊಕ್ಲಾರಿನ್ ಎಂಬ ಇನ್ನೊಂದು ಹೆಸರು. ನಿಯಮ ಮಾತ್ರ ಖಡಕ್. ದೇಹದೊಳಗೆ ಏನು ಸಿಕ್ಕಿದರೂ ಹೊಣೆ ಆಟಗಾರನದೇ. ಆ ನಿಯಮ ಬೇಕು, ನಾನೂ ಒಪ್ಪುತ್ತೇನೆ. ಸತ್ನಾಮ್ ಗೊತ್ತಿದ್ದು ತಗೊಂಡನೋ ಗೊತ್ತಿಲ್ಲದೆಯೋ, ಅದಕ್ಕೆ ನಾನು ತೀರ್ಪು ಕೊಡುವುದಿಲ್ಲ. ಆದರೆ ಹೊಣೆಯೆಲ್ಲ ಆ ಹುಡುಗನ ಮೇಲೆ ಹಾಕುವ ನಾವು, ಅವನ ಪಕ್ಕ ಯಾರನ್ನು ನಿಲ್ಲಿಸಿದ್ದೆವು? ಊಟ ನೋಡಿಕೊಳ್ಳುವವರು, ಲೇಬಲ್ ಓದುವವರು, ರಾತ್ರಿ ಹತ್ತಕ್ಕೆ ಫೋನ್ ಮಾಡಿ "ಇದು ಕುಡಿಯಬಹುದಾ" ಅಂತ ಕೇಳಿದರೆ ಉತ್ತರ ಕೊಡುವವರು? ಅವನು ವಿಚಾರಣೆ ಕೇಳಿದ. ತೀರ್ಪು ಬಂದದ್ದು ಒಂದು ವರ್ಷದ ಮೇಲೆ, 2020ರ ಡಿಸೆಂಬರ್‌ನಲ್ಲಿ. ಎರಡು ವರ್ಷ ನಿಷೇಧ. ಆಟಗಾರನ ಇಪ್ಪತ್ತನಾಲ್ಕು, ಇಪ್ಪತ್ತೈದು ಮತ್ತೆ ಬರುತ್ತಾ?

ಅಮೆರಿಕಾದಲ್ಲೂ ಕಣ್ಣು ತೆರೆದದ್ದು ತಡವಾಗಿಯೇ. ಕೆವಿನ್ ಲವ್ ಅಂಥ ಎನ್‌ಬಿಎಯ ದೊಡ್ಡ ಆಟಗಾರನಿಗೆ 2017ರ ನವೆಂಬರ್‌ನಲ್ಲಿ ಪಂದ್ಯದ ಮಧ್ಯೆಯೇ ಪ್ಯಾನಿಕ್ ಅಟ್ಯಾಕ್ ಆಯಿತು. ಅದನ್ನವನು ಮುಂದಿನ ಮಾರ್ಚ್‌ನಲ್ಲಿ ತಾನೇ ಬರೆದುಕೊಂಡ. ಅದಕ್ಕೂ ಸ್ವಲ್ಪ ಮೊದಲು ಅಲ್ಲಿಯ ಇನ್ನೊಬ್ಬ ಆಟಗಾರ ಡಿಮಾರ್ ಡಿರೋಜನ್ ತನ್ನ ಖಿನ್ನತೆಯ ಬಗ್ಗೆ ಹೇಳಿದ್ದ. ಅವರು ಬಾಯಿಬಿಟ್ಟ ಮೇಲೆ, 2019-20ರ ಸೀಸನ್ನಿನಿಂದ ಪ್ರತಿ ತಂಡವೂ ಮಾನಸಿಕ ಆರೋಗ್ಯದ ತಜ್ಞರನ್ನು ಇಟ್ಟುಕೊಳ್ಳಲೇಬೇಕು ಅಂತ ಎನ್‌ಬಿಎ ನಿಯಮ ಮಾಡಿತು. ಕೋಟಿಗಟ್ಟಲೆ ದುಡಿಯುವವರಿಗೇ ಒಬ್ಬರು ಬೇಕು ಅಂತಾದರೆ, ಬಲ್ಲೋ ಕೆಯ ಹುಡುಗನಿಗೆ ಬೇಡವಾ?

ಸತ್ನಾಮ್ ಈಗ ಕುಸ್ತಿಪಟು. ಅಮೆರಿಕಾದ ಎಇಡಬ್ಲ್ಯೂ ಎಂಬ ಕುಸ್ತಿ ಕಂಪನಿ 2021ರಲ್ಲಿ ಅವನನ್ನು ಸೇರಿಸಿಕೊಂಡಿತು, ಮರುವರ್ಷ ರಿಂಗಿಗಿಳಿದ. "ಬಾಸ್ಕೆಟ್‌ಬಾಲ್ ಬಿಟ್ಟು ನಾಟಕದ ಕುಸ್ತಿಗೆ ಹೋದ" ಅಂತ ಸುಮ್ನೆ ಹೀಯಾಳಿಸುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಅವನು ಎದ್ದು ನಿಂತಿದ್ದಾನೆ, ದುಡಿದು ತಿನ್ನುತ್ತಿದ್ದಾನೆ. ಎಷ್ಟು ಜನರಿಗೆ ಅದು ಸಾಧ್ಯವಾಗಿದೆ? ನನ್ನ ತಮ್ಮನಿಗೆ ಮತ್ತೆ ಆಡಲು ಆಗಲಿಲ್ಲ. ಡಬ್ಬಿ ಅವತ್ತೇ ಎಸೆದ. ಮೂರು ತಿಂಗಳಿಗೆ ಲಾಕ್‌ಡೌನ್ ಬಂತು, ಅಲ್ಲಿಗೆ ಆಟವೂ ಮುಗಿಯಿತು. ಈಗ ಒಂದು ಶಾಲೆಯಲ್ಲಿ ಪಿಟಿ ಮೇಷ್ಟ್ರು. ಸಂಜೆ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುತ್ತಾನೆ.

ಮಗನನ್ನು ಅಲ್ಲಿಗೇ ಕಳಿಸುತ್ತಿದ್ದೇನೆ. ಆಡಲಿ. ಅಮೆರಿಕಾದ ಮಾತನ್ನು ಮಾತ್ರ ಮನೆಯಲ್ಲಿ ಯಾರೂ ಎತ್ತಬೇಡಿ ಅಂದಿದ್ದೇನೆ.

ಮೊನ್ನೆ ಸಂಜೆ ನಾನೂ ಕೋರ್ಟಿಗೆ ಹೋಗಿದ್ದೆ. ಆಟದ ಮಧ್ಯೆ ಯಾರೋ ಗೆಳೆಯ ಕೊಟ್ಟ ಬಾಟಲಿಯನ್ನು ಮಗ ಬಾಯಿಗಿಡಲು ಹೊರಟಿದ್ದ. ಕಿತ್ತಳೆ ಬಣ್ಣದ ನೀರು. ತಮ್ಮ ಆ ಕಡೆಯಿಂದ ಕುಂಟುತ್ತಲೇ ಓಡಿ ಬಂದ.

"ಯಾರು ಕೊಟ್ಟದ್ದು?"

"ಮಾವಾ, ಅದು ಬರೀ ಗ್ಲೂಕೋಸ್."

ತಮ್ಮ ಬಾಟಲಿ ತಗೊಂಡು ಮೂಸಿದ. ಆಮೇಲೆ ಆ ಗೆಳೆಯನ ಚೀಲದಿಂದ ಪ್ಯಾಕೆಟ್ ತೆಗೆಸಿ, ಲೈಟಿನ ಕಂಬದ ಕೆಳಗೆ ನಿಂತು, ಎರಡೂ ಬದಿ ಪೂರ್ತಿ ಓದಿದ. ಹುಡುಗರು ಆಟ ನಿಲ್ಲಿಸಿ ಕಾದರು.