ಐದು 'ಸರಿ'ಗಳು ಸಾಲವು
ಸರಿಯಾದ ರೋಗಿ, ಔಷಧ, ಪ್ರಮಾಣ, ಮಾರ್ಗ, ಸಮಯ ಎಂಬ ಐದನ್ನು ಪಾಲಿಸಿದರೆ ನರ್ಸಿಂಗ್ ವಿದ್ಯಾರ್ಥಿಗಳಿಗೆ ಸಾಕು, ಅರ್ಧಾಯುವಿನಂಥ (ರಕ್ತದಲ್ಲಿ ಔಷಧದ ಮಟ್ಟ ಅರ್ಧಕ್ಕಿಳಿಯಲು ಹಿಡಿಯುವ ಸಮಯ) ವಿಷಯಗಳು ವೈದ್ಯರಿಗೆ ಬಿಟ್ಟದ್ದು ಎಂಬ, ಔಷಧ ಕೊಡುವ ಕುರಿತ ನಿಮ್ಮ ಲೇಖನಮಾಲೆಯ ಲೇಖಕರ ಮಾತನ್ನು ಒಪ್ಪಲಾರೆ. ಹೃದಯದ ಬಡಿತವನ್ನು ನಿಧಾನಗೊಳಿಸುವ ಡಿಗಾಕ್ಸಿನ್ ಮಾತ್ರೆಯನ್ನೇ ನೋಡಿ. ರಕ್ತದಲ್ಲಿ ಅದರ ಮಟ್ಟ ಅರ್ಧಕ್ಕಿಳಿಯಲು ಮೂತ್ರಪಿಂಡಗಳು ಆರೋಗ್ಯವಾಗಿರುವವರಲ್ಲಿ ಸುಮಾರು 36ರಿಂದ 48 ಗಂಟೆ ಬೇಕು. ಮೂತ್ರಪಿಂಡಗಳು ತೀರಾ ಸೋತ ರೋಗಿಯಲ್ಲಿ ಅದು ಮೂರು ದಿನಗಳನ್ನೂ ಮೀರುತ್ತದೆ. ಹೀಗಾಗಿ ಚೀಟಿಯಲ್ಲಿರುವ 0.25 ಮಿಲಿಗ್ರಾಂ ಮಾತ್ರೆಯನ್ನು ಹೇಳಿದ ಹೊತ್ತಿಗೇ ಕೊಟ್ಟರೂ, ಹಿಂದಿನ ದಿನಗಳ ಔಷಧ ಹೊರಹೋಗುವ ಮೊದಲೇ ಇಂದಿನದು ಅದಕ್ಕೆ ಸೇರಿ, ಮಟ್ಟವು ದಿನದಿಂದ ದಿನಕ್ಕೆ ಅಪಾಯದತ್ತ ಏರಬಲ್ಲದು. ಜೊತೆಗೆ ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ಔಷಧವೂ ನಡೆಯುತ್ತಿದ್ದರೆ (ಹೃದಯ ವೈಫಲ್ಯದ ರೋಗಿಗಳಲ್ಲಿ ಇದು ತೀರಾ ಸಾಮಾನ್ಯ) ರಕ್ತದ ಪೊಟ್ಯಾಸಿಯಂ ಇಳಿದು, ಸಾಮಾನ್ಯ ಮಟ್ಟದ ಡಿಗಾಕ್ಸಿನ್ ಕೂಡ ಹೃದಯದ ಲಯವನ್ನು ಕೆಡಿಸಬಹುದು.

ಮಾತ್ರೆ ಕೊಡುವ ಮುನ್ನ ಎದೆಗೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಬಡಿತ ಎಣಿಸಬೇಕು, ವಯಸ್ಕರಲ್ಲಿ ಅದು 60ಕ್ಕಿಂತ ಕಡಿಮೆಯಿದ್ದರೆ ಮಾತ್ರೆಯನ್ನು ತಡೆಹಿಡಿದು ವೈದ್ಯರಿಗೆ ತಿಳಿಸಬೇಕು ಎಂದು ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ. ಕಾರಣ ತಿಳಿಯದವರು ವಾರ್ಡಿನ ಒತ್ತಡದಲ್ಲಿ ಮೊದಲು ಕೈಬಿಡುವುದು ಆ ಒಂದು ನಿಮಿಷವನ್ನೇ. ಊಟ ಸೇರುತ್ತಿಲ್ಲ, ವಾಕರಿಕೆ ಬರುತ್ತದೆ, ಎಲ್ಲವೂ ಹಳದಿಯಾಗಿ ಕಾಣುತ್ತದೆ ಎಂಬ ರೋಗಿಯ ದೂರನ್ನು ಮೊದಲು ಕೇಳಿಸಿಕೊಳ್ಳುವವರು ಹಾಸಿಗೆಯ ಪಕ್ಕದಲ್ಲಿರುವ ಶುಶ್ರೂಷಕರೇ ಹೊರತು ರೌಂಡ್ಸಿಗೆ ಬಂದುಹೋಗುವ ವೈದ್ಯರಲ್ಲ. ಅದು ಡಿಗಾಕ್ಸಿನ್ ಮಿತಿಮೀರಿದ ಸೂಚನೆಯಿರಬಹುದು ಎಂದು ಮಾತ್ರೆಯೊಂದಿಗೆ ತಾಳೆಹಾಕುವ ತಿಳಿವಳಿಕೆ ಅವರಲ್ಲಿರಬೇಕು. ಅರ್ಧಾಯುವಿನ ಪಾಠವನ್ನು ಲೇಖಕರು ದಯವಿಟ್ಟು ಮುಂದಿನ ಕಂತಿನಲ್ಲಿ ಸೇರಿಸಲಿ.