ಗ್ರೂಪಿನ ಬೀಗ ತೆಗೆಯೋಣ

ನಾನು ರೋಣ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ಹತ್ತನೇ ತರಗತಿಗೆ ವಾಟ್ಸಾಪ್ ಗ್ರೂಪ್ ಶುರುವಾಗಿದ್ದು 2020ರಲ್ಲಿ, ಶಾಲೆ ಮುಚ್ಚಿದಾಗ. ಆಗ ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು, ಗುಡಿ ಕಟ್ಟೆಯ ಮೇಲೆ ವಿದ್ಯಾಗಮ (ಮೇಷ್ಟ್ರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ಸರ್ಕಾರದ ಕಾರ್ಯಕ್ರಮ) ನಡೆಯಿತು, ಉಳಿದದ್ದೆಲ್ಲ ಗ್ರೂಪಿನಲ್ಲೇ. ಶಾಲೆ ತೆರೆದ ಮೇಲೆ ಗ್ರೂಪ್ ಉಳಿಯಿತು, ಪಾಠ ಹೋಯಿತು. ಬರೀ ರಜೆಯ ಸೂಚನೆ, ವಿದ್ಯಾರ್ಥಿವೇತನದ ಕೊನೆಯ ದಿನಾಂಕ. ಅಡ್ಮಿನ್ ಬಿಟ್ಟು ಬೇರೆ ಯಾರೂ ಬರೆಯುವಂತಿರಲಿಲ್ಲ.

ಆ ಬೀಗ ಹಾಕಿದ್ದು ನಾನೇ. ಗುಡ್ ಮಾರ್ನಿಂಗ್ ಹೂವು, ರಾಜಕೀಯದ ಫಾರ್ವರ್ಡ್ ಜಾಸ್ತಿ ಆಗಿದ್ದವು. ಆದರೆ ಅದರ ಜೊತೆ ಮಕ್ಕಳ ಬಾಯಿಯನ್ನೂ ಮುಚ್ಚಿಸಿದಂತಾಯಿತು, ಅಲ್ವಾ?

ಹೋದ ವರ್ಷ ಹೆಸರುಕಾಯಿ ಬಿಡಿಸುವ ದಿನಗಳು. ಅರ್ಧ ತರಗತಿ ಹೊಲದಲ್ಲಿತ್ತು. ಒಂದು ರಾತ್ರಿ ಎಂಟೂವರೆಗೆ ಒಬ್ಬ ಹುಡುಗಿ ಅಪ್ಪನ ಫೋನಿನಿಂದ ನನಗೆ ವಾಯ್ಸ್ ಮೆಸೇಜ್ ಕಳಿಸಿದಳು.

"ಸರ್, ಆ ಎರಡೂ ತ್ರಿಭುಜದ ವಿಸ್ತೀರ್ಣ ಸಮ ಅಂತ ಬರದೀರಲ್ರೀ, ಹೆಂಗ ಸಮ ಆಗ್ತಾವ್ರಿ? ನೋಡಾಕ ಒಂದ ಥರ ಇಲ್ಲಲ್ರೀ."

ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಎನ್ನುವ ಮೂಲ ಸಮಾನುಪಾತತೆಯ ಪ್ರಮೇಯದಲ್ಲಿ ಬರುವ ಹೆಜ್ಜೆ ಅದು. ಎಷ್ಟೋ ಮಕ್ಕಳು ಸುಮ್ನೆ ಬಾಯಿಪಾಠ ಮಾಡಿ ದಾಟಿಬಿಡುತ್ತಾರೆ. ಇವಳು ತರಗತಿಯಲ್ಲಿ ಒಂದು ದಿನವೂ ಕೈ ಎತ್ತಿದವಳಲ್ಲ. ಹಾಳೆಯ ಮೇಲೆ ಚಿತ್ರ ಬರೆದು ಫೋಟೊ ಕಳಿಸಿದೆ. ಬಾಯಲ್ಲೂ ಹೇಳಿದೆ: ಎರಡಕ್ಕೂ ಪಾದ ಒಂದೇ. ಎದುರಿನ ಎರಡು ಮೂಲೆಗಳು ಪಾದಕ್ಕೆ ಸಮಾಂತರವಾದ ಒಂದೇ ಗೆರೆಯ ಮೇಲಿವೆ, ಹಾಗಾಗಿ ಎತ್ತರವೂ ಒಂದೇ. ಈಗ ಸೂತ್ರ ಹಾಕಿ ನೋಡವ್ವಾ. ಹತ್ತು ನಿಮಿಷಕ್ಕೆ ಉತ್ತರ ಬಂತು.

"ತಿಳೀತ್ರಿ ಸರ್. ಆಕಾರ ಬ್ಯಾರೆ ಇದ್ರೂ ನಡೀತೈತಿ."

ಆವತ್ತೇ ಬೀಗ ತೆಗೆದೆ. ಈಗ ರಾತ್ರಿ ಎಂಟರಿಂದ ಒಂಬತ್ತು ಗ್ರೂಪ್ ತೆರೆದಿರುತ್ತದೆ. ಆ ಹೊತ್ತೇ ಯಾಕೆಂದರೆ, ಹೆಚ್ಚಿನ ಮನೆಗಳಲ್ಲಿ ಇರುವುದು ಅಪ್ಪನ ಫೋನ್ ಒಂದೇ, ಅದು ಮನೆಗೆ ಬರುವುದೇ ಆಗ. ಪಿಡಿಎಫ್ ಕಳಿಸುವುದನ್ನು ನಾನು ಬಿಟ್ಟಿದ್ದೇನೆ. ಸಣ್ಣ ಸ್ಕ್ರೀನಿನಲ್ಲಿ ಯಾರೂ ಓದುವುದಿಲ್ಲ. ಟೈಪ್ ಮಾಡು ಅಂದರೆ ಹಿಂಜರಿಯುವ ಮಕ್ಕಳು ಮನೆಮಾತಿನಲ್ಲಿ ಮಾತಾಡು ಅಂದರೆ ಧೈರ್ಯವಾಗಿ ಕೇಳುತ್ತಾರೆ. ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಹೆಣ್ಣುಮಕ್ಕಳ ಮನೆಯವರಿಗೆ ಅದೊಂದು ಚಿಂತೆ. ಅದಕ್ಕೆ ಪಾಲಕರನ್ನು ಕೇಳಿಯೇ ಸೇರಿಸುತ್ತೇನೆ. ಬೇಡ ಅಂದವರು ನನಗೆ ನೇರವಾಗಿ ಕೇಳುತ್ತಾರೆ, ಪ್ರಶ್ನೆಯನ್ನು ಹೆಸರಿಲ್ಲದೆ ನಾನೇ ಗ್ರೂಪಿಗೆ ಹಾಕುತ್ತೇನೆ.

ಮೇಷ್ಟ್ರಿಗೆ ರಾತ್ರಿಯೂ ಕೆಲಸವಾ ಅಂತ ಗೆಳೆಯರು ಕೇಳಿದರು. ನ್ಯಾಯವಾದ ಮಾತು. ಅದಕ್ಕೇ ದಿನಕ್ಕೊಂದು ವಿಷಯ ಹಂಚಿಕೊಂಡಿದ್ದೇವೆ. ನನ್ನದು ಮಂಗಳವಾರ ಮತ್ತು ಶುಕ್ರವಾರ.

ಮನೆಯಲ್ಲಿ ಫೋನೇ ಇಲ್ಲದ ಮಕ್ಕಳೂ ಇದ್ದಾರೆ. ಅವರಿಗಾಗಿ ಮರುದಿನ ಮೊದಲ ಹತ್ತು ನಿಮಿಷ ರಾತ್ರಿಯ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಬಿಡಿಸಿ ತೋರಿಸುವುದು ರಾತ್ರಿ ಪ್ರಶ್ನೆ ಕೇಳಿದ ಮಕ್ಕಳೇ. ಆ ಹುಡುಗಿಯೂ ಮೊನ್ನೆ ಬೋರ್ಡಿಗೆ ಬಂದಿದ್ದಳು.