ಗುಂಡಿ ಒತ್ತಿದರೂ ಮೌನವ್ರತ

ಹಳೇ ಕಂಪ್ಯೂಟರ್ ಆನ್ ಆಗದಿದ್ದರೆ ಸುತ್ತ ಇದ್ದವರೆಲ್ಲ ದಿಢೀರನೆ ತಜ್ಞರಾಗುತ್ತಾರೆ. ಒಬ್ಬರು ವೈರಸ್ ಅನ್ನುತ್ತಾರೆ, ಇನ್ನೊಬ್ಬರು ವಿಂಡೋಸ್ ಹೊಸದಾಗಿ ಹಾಕಿಸಿ ಅನ್ನುತ್ತಾರೆ. ಕರೆಂಟೇ ಒಳಗೆ ಹೋಗದ ಡಬ್ಬಕ್ಕೆ ವೈರಸ್ ಏನು ಮಾಡೀತು?

ಮೊದಲು ಹಿಂಬದಿ ನೋಡಿ. ಕರೆಂಟನ್ನು ಕಂಪ್ಯೂಟರಿಗೆ ಒಗ್ಗುವಂತೆ ಮಾಡಿಕೊಡುವ ಡಬ್ಬಿಯಾದ ಎಸ್‌ಎಂಪಿಎಸ್‌ನ ಪುಟ್ಟ ಸ್ವಿಚ್ಚು ಕಸ ಗುಡಿಸುವಾಗ ಪೊರಕೆ ತಗುಲಿ ಆಫ್ ಆಗಿರಬಹುದು. ಪಕ್ಕದಲ್ಲೇ 115/230 ಎಂದು ಬರೆದ ಕೆಂಪು ಸ್ವಿಚ್ ಇದ್ದರೆ ಕುತೂಹಲಕ್ಕೂ ಮುಟ್ಟಬೇಡಿ. 230 ವೋಲ್ಟ್ ಬರುವ ಕಡೆ ಅದನ್ನು 115ಕ್ಕೆ ಸರಿಸಿ ಆನ್ ಮಾಡಿದರೆ ‘ಢಂ’ ಅನ್ನುತ್ತದೆ. ಪತ್ತೆದಾರಿಕೆ ಅಲ್ಲಿಗೇ ಮುಗಿಯಿತು.

ಒಳಗಿನ ಮುಖ್ಯ ಬೋರ್ಡಿನ, ಅಂದರೆ ಮದರ್‌ಬೋರ್ಡಿನ ದೀಪ ಉರಿಯುತ್ತಿದೆ, ಗುಂಡಿಗೆ ಮಾತ್ರ ಓಗೊಡುತ್ತಿಲ್ಲವೆಂದರೆ ಅನುಮಾನ ಗುಂಡಿಯ ಮೇಲೇ. ಅದರ ವೈರನ್ನು ಬೋರ್ಡಿನಿಂದ ಕಿತ್ತು, ಅದು ಕೂತಿದ್ದ ಎರಡು ಪಿನ್ನುಗಳಿಗೂ ಒಟ್ಟಿಗೆ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ತಾಗಿಸಿ. ಎದ್ದಿತೇ? ರೀಸೆಟ್ ಗುಂಡಿಯ ವೈರನ್ನು ಅಲ್ಲಿಗೆ ಸಿಕ್ಕಿಸಿ. ವರ್ಷಾನುಗಟ್ಟಲೆ ಸುಮ್ಮನೆ ಕೂತಿದ್ದ ರೀಸೆಟ್‌ಗೆ ಕೊನೆಗೂ ಬಡ್ತಿ!

ದೀಪವೂ ಇಲ್ಲವೇ? ಪ್ಲಗ್ ಕಿತ್ತು, 24 ಪಿನ್ನಿನ ಕನೆಕ್ಟರನ್ನು ಬೋರ್ಡಿನಿಂದ ಬಿಡಿಸಿ, ಹಸಿರು ವೈರಿನ ತೂತಿಗೂ ಪಕ್ಕದ ಕಪ್ಪು ವೈರಿನ ತೂತಿಗೂ ಬಗ್ಗಿಸಿದ ಪೇಪರ್ ಕ್ಲಿಪ್ ಸಿಕ್ಕಿಸಿ. ಆಮೇಲಷ್ಟೇ ಕರೆಂಟು ಕೊಡಿ. ಕೆಲವು ಹಳೇ ಎಸ್‌ಎಂಪಿಎಸ್‌ಗಳು ಬರಿಗೈಯಲ್ಲಿ ಕೆಲಸ ಮಾಡವು, ಒಂದು ಸಿ.ಡಿ. ಡ್ರೈವನ್ನಾದರೂ ತಗುಲಿಸಬೇಕು. ಅದರ ಫ್ಯಾನ್ ತಿರುಗಿದ ಮಾತ್ರಕ್ಕೆ ಎಸ್‌ಎಂಪಿಎಸ್ ನಿರಪರಾಧಿ ಅಂತಲೂ ಅಲ್ಲ. ಮೀಟರಿಟ್ಟಾಗ ಹಳದಿ ವೈರು 11.4ರಿಂದ 12.6, ಕೆಂಪು 4.75ರಿಂದ 5.25 ವೋಲ್ಟ್ ಒಳಗಿರಬೇಕು. ಫ್ಯಾನೇ ತಿರುಗದಿದ್ದರೆ ಎಸ್‌ಎಂಪಿಎಸ್ ಬದಲಿಸಿ, ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್ 300ಕ್ಕೂ ಹೆಚ್ಚು ವೋಲ್ಟ್ ಹಿಡಿದು ಕೂತಿರಬಹುದು.

ಕನೆಕ್ಟರ್ ಬೋರ್ಡಿನಲ್ಲಿರುವಾಗ ಗುಂಡಿ ಒತ್ತಿದರೆ ಒಂದು ಸೆಕೆಂಡು ತಿರುಗಿ ನಿಲ್ಲುವ ಫ್ಯಾನಿನ ಕಥೆ ಬೇರೆ. ಎಲ್ಲೋ ಶಾರ್ಟ್ ಇರಬಹುದು: ಬೋರ್ಡಿನಡಿ ಬಿದ್ದ ಸ್ಕ್ರೂ, ಕೆಟ್ಟ ಡ್ರೈವು, ಇಲ್ಲವೇ ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್. ಈ ಕೆಪಾಸಿಟರ್‌ಗಳ ನೆತ್ತಿ ಚಪ್ಪಟೆಯಾಗಿರಬೇಕು. ಪೂರಿಯಂತೆ ಉಬ್ಬಿ ಕಂದು ರಸ ಸೋರಿದ್ದರೆ ಕೆಟ್ಟಿವೆ ಎಂದೇ ಲೆಕ್ಕ. ಅಷ್ಟೇ ಮೈಕ್ರೊಫ್ಯಾರಡ್ (ಕೆಪಾಸಿಟರಿನ ಸಾಮರ್ಥ್ಯದ ಅಳತೆ), ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜಿನ, 105 ಡಿಗ್ರಿ ಶಾಖ ತಾಳುವ, ಒಳರೋಧ ಕಡಿಮೆಯಿರುವ, ಅಂದರೆ ಲೋ ಇಎಸ್‌ಆರ್ ಕೆಪಾಸಿಟರ್ ಹಾಕಿ. ಕೂರಿಸುವಾಗ ಮೈನಸ್ ಪಟ್ಟಿ ಎತ್ತ ಎಂದು ಎರಡು ಸಲ ನೋಡಿ. ತಿರುವುಮುರುವಾದರೆ ಮತ್ತೆ ‘ಢಂ’.

ಇಷ್ಟಾಗಿ ಎದ್ದ ಮೇಲೆ ‘ಇವತ್ತು 2002ರ ಜನವರಿ 1’ ಎಂದು ಹಟ ಹಿಡಿದರೆ ಗಾಬರಿ ಬೇಡ. ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿ ಬದಲಿಸಿ, ತಾರೀಖು ತಿದ್ದಿ.